ಐದನೇ ನಿಮಿಷದ ಕೈ

ಎರಡನೇ ಏಟಿಗೆ ಇಲಿಯಕ್ಕನ ತುಟಿ ಒಡೆಯಿತು. ಮೂರನೆಯದು ಬೀಳುವ ಮೊದಲು ಇನ್ಸ್‌ಪೆಕ್ಟರ್ ಒಳಗೆ ಬಂದು ಮಹಿಳಾ ಪೇದೆಯ ಮುಂಗೈ ಹಿಡಿದಳು.

“ಬಿಡಿ ಅಮ್ಮಾವ್ರೆ. ಇನ್ನೊಂದು ಬಿದ್ರೆ ಬಾಯಿ ಬಿಡ್ತಾಳೆ.”

“ಬಾಯಿ ಒಡೆದೇ ಹೋಗಿದೆ. ಸಾಲದಾ?”

ಪೇದೆ ಕೈ ಕೊಡವಿಕೊಂಡು ಹೊರಗೆ ಹೋದಳು. ಬೆಂಚಿನ ಮೇಲೆ ಕೂತಿದ್ದ ಹೆಂಗಸು ಗಲ್ಲಕ್ಕೆ ಇಳಿದ ರಕ್ತವನ್ನು ಒರೆಸಿಕೊಳ್ಳಲಿಲ್ಲ. ಏಟು ತಿನ್ನುವುದು ಗೊತ್ತಿರುವವರು ಹಾಗೇ ಕೂರುತ್ತಾರೆ. ಒರೆಸಿಕೊಂಡರೆ ಹೊಡೆದವರಿಗೆ ಇನ್ನೊಂದು ನೆಪ ಸಿಗುತ್ತದೆ.

ಮಂಗಳವಾರ ಮಧ್ಯಾಹ್ನ ಪ್ರಯೋಗಾಲಯದ ಪ್ರಾಣಿ ವಿಭಾಗದಲ್ಲಿ ಹಿರಿಯ ಸಂಶೋಧಕಿಯೊಬ್ಬಳ ಹೆಣ ಸಿಕ್ಕಿತ್ತು. ಸಿಲಿಂಡರ್ ಬಿಚ್ಚುವ ಸ್ಪ್ಯಾನರಿನಿಂದ ತಲೆಗೆ ಐದು ಏಟು. ಆ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಮೊಣಕೈವರೆಗೆ ರಕ್ತ ಮೆತ್ತಿಕೊಂಡು ಕೂತಿದ್ದವಳು ಇಲಿ ಪಂಜರ ತೊಳೆಯುವ ಈ ಇಲಿಯಕ್ಕ. ಎರಡು ದಿನದಲ್ಲಿ ಅವಳು ಆಡಿದ್ದು ಒಂದೇ ಮಾತು.

“ನಾನೇ.”

ಯಾಕೆ ಅಂದರೆ ಮೌನ. ಹೇಗೆ ಅಂದರೂ ಮೌನ. ಇವತ್ತು ನಾಲ್ಕು ಗಂಟೆಗೆ ತಪ್ಪೊಪ್ಪಿಗೆ ಬರೆಸಲು ಅವಳನ್ನು ನ್ಯಾಯಾಧೀಶರ ಮುಂದೆ ನಿಲ್ಲಿಸಬೇಕಿತ್ತು. ಆ ಒಂದು ಮಾತನ್ನು ಅಲ್ಲಿಯೂ ಆಡಿದಳೆಂದರೆ ಮುಂದೆ ಯಾರೂ ಏನೂ ಕೇಳುವವರಿಲ್ಲ. ಅವಳು ಒಳಗೆ, ಫೈಲು ಕಪಾಟಿನಲ್ಲಿ. ಮೇಲಿನ ಸಾಹೇಬರಿಗೆ ಬೇಕಾದದ್ದೂ ಅದೇ.

ಇನ್ಸ್‌ಪೆಕ್ಟರ್ ನೀರಿನ ಲೋಟವನ್ನು ಅವಳ ಪಕ್ಕ ಇಟ್ಟಳು. “ನೀವು ಸುಳ್ಳು ಹೇಳ್ತಿದೀರಿ ಇಲಿಯಕ್ಕ. ಕೊಂದೋರು ಹೆಣದ ತಲೆ ತೊಡೆ ಮೇಲಿಟ್ಕೊಂಡು ಕೂರಲ್ಲ. ಯಾರನ್ನ ಕಾಪಾಡೋಕೆ?”

ಆಗ ಮೊದಲ ಸಲ ಅವಳ ಕಣ್ಣು ಅಲುಗಿತು. ಅಷ್ಟೇ.

* * *

ಕೊಲೆಯ ಹೊತ್ತಿಗೆ ಆ ಕೋಣೆಯಲ್ಲಿ ನಡೆಯುತ್ತಿದ್ದ ಇಲಿ ಪರೀಕ್ಷೆಯ ವಿಡಿಯೊ ಸಿಕ್ಕಿದ್ದು ಹನ್ನೊಂದೂವರೆಗೆ. ಅದು ತಾನಾಗಿಯೇ ಪ್ರಯೋಗಾಲಯದ ಮುಖ್ಯಸ್ಥರಾದ ಪ್ರೊಫೆಸರರ ಕಂಪ್ಯೂಟರಿಗೆ ಹೋಗಿ ಸೇರುತ್ತಿತ್ತಂತೆ. ಅವರ ಪಾಸ್‌ವರ್ಡ್ ಪಡೆಯಲು ದಫೇದಾರ ಎರಡು ದಿನ ಓಡಾಡಿದ್ದ.

“ಇಲಿಗೂ ಸಿನಿಮಾ ತೆಗೀತಾರೆ ಅಮ್ಮಾವ್ರೆ,” ಅಂದ ಅವನು, ಕುರ್ಚಿ ಎಳೆದುಕೊಳ್ಳುತ್ತ. “ನನ್ನ ಮದುವೇಲಿ ಒಂದು ಫೋಟೊ ತೆಗೆದೋರಿಲ್ಲ.”

ಪರದೆಯ ಪಕ್ಕ ನಿಂತಿದ್ದವಳು ಸತ್ತವಳ ಕೈಕೆಳಗೆ ಆರು ವರ್ಷದಿಂದ ಸಂಶೋಧನೆ ಮಾಡುತ್ತಿದ್ದ ಹುಡುಗಿ. ಪ್ರಾಣಿ ವಿಭಾಗದಲ್ಲಿ ಸತ್ತವಳನ್ನು ದೊಡ್ಡ ಮೇಡಂ ಎಂದೂ ಇವಳನ್ನು ಸಣ್ಣ ಮೇಡಂ ಎಂದೂ ಕರೆಯುತ್ತಿದ್ದರು. ಇಸ್ತ್ರಿ ಮಾಡಿದ ಬಿಳಿ ಕೋಟು, ಬಿಗಿಯಾಗಿ ಕಟ್ಟಿದ ಕೂದಲು. ಅತ್ತು ಅತ್ತು ಕಣ್ಣು ಬಾತಿತ್ತು.

ಪರದೆಯ ಮೇಲೆ ಮೇಲಿನಿಂದ ಕಾಣುವ ಒಂದು ಬಿಳಿ ಹಲಗೆ, ಕೂಡಿಸುವ ಚಿಹ್ನೆಯ ಆಕಾರದ್ದು. ನಾಲ್ಕು ತೋಳಲ್ಲಿ ಎರಡಕ್ಕೆ ಗೋಡೆಯಿತ್ತು, ಎರಡು ಬಯಲು.

“ನೆಲದಿಂದ ಸೊಂಟದೆತ್ತರ ಇರುತ್ತೆ,” ಎಂದಳು ಸಣ್ಣ ಮೇಡಂ. “ಹತ್ತು ದಿನ, ದಿನಾ ಅರ್ಧ ಗಂಟೆ, ಇಲೀನ ತೂತಿರೋ ಕೊಳವೆಯೊಳಗೆ ಇಡ್ತೀವಿ. ಉಸಿರಾಡಬಹುದು, ತಿರುಗೋಕಾಗಲ್ಲ. ಆಮೇಲೆ ತಂದು ಇದರ ಮೇಲೆ ಬಿಡ್ತೀವಿ. ಹೆದರಿರೋದು ಗೋಡೆ ಇರೋ ಕಡೆ ಸೇರ್ಕೊಳ್ಳುತ್ತೆ. ಧೈರ್ಯ ಇರೋದು ಬಯಲಿಗೆ ಬರುತ್ತೆ.”

“ನಿಮ್ಮ ಔಷಧಿ?”

“ಗಾಂಜಾದಲ್ಲಿ ಇರೋ ಥರದ್ದೇ ಒಂದು ವಸ್ತುನ ಮಿದುಳು ತಾನೇ ಮಾಡ್ಕೊಳ್ಳುತ್ತೆ. ಭಯ ಮಿತಿ ಮೀರದ ಹಾಗೆ ಅದು ಲಗಾಮು ಹಾಕುತ್ತೆ. ಒತ್ತಡ ದಿನಾ ಬೀಳ್ತಾ ಇದ್ರೆ ಆ ವಸ್ತುನ ಒಡೆಯೋ ಕಿಣ್ವ ಜಾಸ್ತಿಯಾಗುತ್ತೆ. ಲಗಾಮು ಸಡಿಲ ಆಗುತ್ತೆ. ಔಷಧಿ ಆ ಕಿಣ್ವನ ತಡೆಯುತ್ತೆ.”

“ಹಾಗಾದ್ರೆ ಎಲ್ಲರ ತಲೇಲೂ ಒಂದಿಷ್ಟು ಗಾಂಜಾ ಇದೆ ಅನ್ನಿ,” ಎಂದ ದಫೇದಾರ. “ನಮ್ಮ ಸಾಹೇಬ್ರದ್ದು ಯಾವತ್ತೋ ಖಾಲಿಯಾಗಿರಬೇಕು.”

ವಿಡಿಯೊ ಶುರುವಾಗಿತ್ತು.

ಮೂಲೆಯಲ್ಲಿ ಗಡಿಯಾರದ ಅಂಕಿ. ಕೈಗವಸು ಹಾಕಿದ ಎರಡು ಕೈ ಬೊಗಸೆಯಾಗಿ ಬಂದು ಹಲಗೆಯ ನಡುವೆ ಇಳಿದವು, ಬೆರಳು ಬಿಚ್ಚಿಕೊಂಡವು. ಹದಿನಾಲ್ಕನೇ ಇಲಿ. ಕೈಗಳು ಸರಿದವು. ಇಲಿ ಮೂಗಾಡಿಸಿತು, ಬಯಲಿನ ಅಂಚಿಗೆ ನಡೆದು ತಲೆ ಬಗ್ಗಿಸಿ ಕೆಳಗೆ ನೋಡಿತು. ಧೈರ್ಯದ್ದೇ.

ಎರಡು ನಿಮಿಷ ನಲವತ್ತನೇ ಸೆಕೆಂಡಿಗೆ ಅದು ಕಲ್ಲಾಯಿತು.

ವಿಡಿಯೊಗೆ ಸದ್ದಿರಲಿಲ್ಲ. ಇಲಿ ಕೇಳಿದ್ದೇನು ಎಂದು ನೋಡುವವರು ಊಹಿಸಿಕೊಳ್ಳಬೇಕು. ಮರುಕ್ಷಣ ಬಿಳಿ ಹಲಗೆಯ ಮೇಲೆ ಒಂದು ಹನಿ ಬಿತ್ತು, ಅದರ ಪಕ್ಕ ಇನ್ನೊಂದು, ಉದ್ದಕ್ಕೆ ಚೆಲ್ಲಿದ್ದು. ಇಲಿ ಓಡಿ ಗೋಡೆಯ ಕೊನೆಗೆ ಹೋಗಿ ಮುದುಡಿತು. ಆಮೇಲೆ ಅದು ಉಸಿರಾಡುವುದು ಮಾತ್ರ ಕಾಣುತ್ತಿತ್ತು.

ಮದುವೆಯಾದ ಮೊದಲ ನಾಲ್ಕು ವರ್ಷ ಇನ್ಸ್‌ಪೆಕ್ಟರ್ ಕೂಡ ಅಡುಗೆಮನೆಯಲ್ಲಿ ಕಪಾಟಿಗೂ ಗೋಡೆಗೂ ನಡುವಿನ ಸಂದಿಯಲ್ಲೇ ನಿಲ್ಲುತ್ತಿದ್ದಳು. ಎರಡು ಕಡೆ ಗೋಡೆಯಿದ್ದರೆ ಏಟು ಒಂದೇ ಕಡೆಯಿಂದ ಬರಬೇಕು. ಅದನ್ನು ಯಾರೂ ಅವಳಿಗೆ ಕಲಿಸಿರಲಿಲ್ಲ.

ಐದು ನಿಮಿಷ. ಸರಿಯಾಗಿ ಐದು.

ಒಂದು ಕೈ ಒಳಬಂತು. ಬಾಲದ ಬುಡ ಹಿಡಿದು ಇಲಿಯನ್ನು ಎತ್ತಿಕೊಂಡು ಹೋಯಿತು. ಮತ್ತೆ ಬಂತು, ಸ್ಪಿರಿಟ್ ಬಾಟಲಿಯೊಂದಿಗೆ. ಹಲಗೆಗೆ ಸಿಂಪಡಿಸಿತು, ಒದ್ದೆ ಬಟ್ಟೆಯಲ್ಲಿ ಒರೆಸಿತು, ಒಣಬಟ್ಟೆಯಲ್ಲಿ ಒರೆಸಿತು. ತೋಳಿನ ತುದಿ ಬಂದಾಗಲೆಲ್ಲ ಮಣಿಕಟ್ಟು ಒಂದು ಸುತ್ತು ತಿರುಗುತ್ತಿತ್ತು. ರಕ್ತ ಹೋಗಿ ಹಲಗೆ ಬೆಳ್ಳಗಾಯಿತು. ವಿಡಿಯೊ ಅಲ್ಲಿಗೆ ಮುಗಿಯಿತು.

“ಇನ್ನೊಂದ್ಸಲ ಹಾಕಿ,” ಎಂದಳು ಇನ್ಸ್‌ಪೆಕ್ಟರ್.

ನಾಲ್ಕು ಸಲ ನೋಡಿದರು.

“ಅದು ದೊಡ್ಡ ಮೇಡಮ್ಮಿನದೇ ಕೈ ಇರಬಹುದು,” ಎಂದಳು ಸಣ್ಣ ಮೇಡಂ ಮೆಲ್ಲಗೆ.

“ರಕ್ತ ಮೊದಲು ಬಿತ್ತು, ಕೈ ಆಮೇಲೆ ಬಂತು. ಅಲ್ಲದೆ ಬಿಡುವಾಗ ಬೊಗಸೆ, ಎತ್ತುವಾಗ ಬಾಲ. ಒಬ್ಬರೇ ಹೀಗೆ ಮಾಡ್ತಾರಾ?”

ಹುಡುಗಿ ತುಟಿ ಕಚ್ಚಿದಳು. “ಇಲ್ಲ. ಬಾಲ ಹಿಡಿಯೋದು ಎಲ್ಲರೂ ಮಾಡೋದು. ಬೊಗಸೆಯಲ್ಲಿ ಎತ್ತುತ್ತಿದ್ದೋರು ಇಬ್ಬರೇ. ಇಲಿಯಕ್ಕ, ಅವಳನ್ನ ನೋಡಿ ಕಲಿತ ದೊಡ್ಡ ಮೇಡಂ. ಇಲಿಯಕ್ಕ ಪ್ರಾಣ ಹೋದ್ರೂ ಬಾಲ ಹಿಡಿಯಲ್ಲ. ಹಿಡಿದೋರ ಮೇಲೆ ಜಗಳಕ್ಕೇ ಹೋಗ್ತಾಳೆ. ಅಲ್ಲದೆ ಪರೀಕ್ಷೆ ನಡೆಯುವಾಗ ಅವಳಿಗೆ ಒಳಗೆ ಪ್ರವೇಶವೇ ಇಲ್ಲ.”

“ಅಂದ್ರೆ ಆ ಕೈ ಅವಳದಲ್ಲ.”

“ಅಲ್ಲವೇ ಅಲ್ಲ,” ಎಂದಳು ಹುಡುಗಿ. ಎಷ್ಟು ಬೇಗ ಅಂದಳೆಂದರೆ ದಫೇದಾರ ತಲೆಯೆತ್ತಿ ನೋಡಿದ.

ಇನ್ಸ್‌ಪೆಕ್ಟರ್ ಪರದೆಯನ್ನೇ ನೋಡುತ್ತಿದ್ದಳು. ಹೊರಗಿನವನಾಗಿದ್ದರೆ ಓಡಿಹೋಗುತ್ತಿದ್ದ. ಇವನು ಹೆಂಗಸೊಬ್ಬಳನ್ನು ನೆಲಕ್ಕೆ ಕೆಡವಿ, ಐದು ನಿಮಿಷದ ಟೈಮರ್ ಹೊಡೆದ ಕೂಡಲೇ ಇಲಿಯನ್ನು ಎತ್ತಿ ಪಂಜರಕ್ಕೆ ಬಿಟ್ಟು, ಮುಂದಿನ ಇಲಿಗೆ ಹಲಗೆ ಒರೆಸಿಟ್ಟಿದ್ದ. ಈ ಕೋಣೆಯಲ್ಲಿ ವರ್ಷಗಟ್ಟಲೆ ದುಡಿದ ಕೈ ಮಾತ್ರ ಮಾಡುವ ತಪ್ಪು ಅದು.

“ಇಲ್ಲಿ ಈ ಪರೀಕ್ಷೆ ಮಾಡೋರು ಯಾರ‍್ಯಾರು?”

“ಮೂರು ಜನ. ದೊಡ್ಡ ಮೇಡಂ. ನಾನು. ನಾನು ಆಗ ಪಕ್ಕದ ಕಟ್ಟಡಕ್ಕೆ ಮಂಜುಗಡ್ಡೆ ತರೋಕೆ ಹೋಗಿದ್ದೆ. ಆಮೇಲೆ ಪ್ರೊಫೆಸರ್.”

ಸೋಮವಾರ ಪ್ರೊಫೆಸರ್ ದೊಡ್ಡ ಮೇಡಮ್ಮಿನ ಮೇಲೆ ಕೂಗಾಡಿದ್ದು ಮೂರು ಕೋಣೆ ಆಚೆಗೂ ಕೇಳಿತ್ತು. “ಹತ್ತು ವರ್ಷದ ಕೆಲಸಕ್ಕೆ ಬೆಂಕಿ ಇಡ್ತೀಯಾ?” ಎಂದಿದ್ದರಂತೆ. ಕಾವಲುಗಾರ ಹೇಳಿಕೆಯಲ್ಲಿ ಬರೆಸಿದ್ದ.

“ಕರೀರಿ ಅವರನ್ನ.”

* * *

ಪ್ರೊಫೆಸರ್ ಪ್ರಾಣಿ ವಿಭಾಗದ ಹೊಸ್ತಿಲಲ್ಲೇ ನಿಂತರು. ಅರವತ್ತರ ಗಂಡಸು, ಎತ್ತರ, ಒಳ್ಳೆಯ ಬೂಟು.

“ಕೇಳೋದಿದ್ರೆ ಇಲ್ಲೇ ಕೇಳಿ. ನಾನು ಒಳಗೆ ಬರಲ್ಲ.”

“ಯಾಕೆ? ಹೆಣ ಬಿದ್ದಿದ್ದ ಜಾಗ ನೋಡೋಕೆ ಕಷ್ಟನಾ?”

“ನೀವು ನಿಮ್ಮ ಮಿತಿಯಲ್ಲಿ ಮಾತಾಡಿ. ನಿಮ್ಮ ಸಾಹೇಬರು ನನಗೆ ಗೊತ್ತು.”

ಎರಡೂ ಮುಕ್ಕಾಲು ಆಗಿತ್ತು. ಇಲಿಯಕ್ಕನ ಒಡೆದ ತುಟಿ, ‘ನಿಮ್ಮ ಸಾಹೇಬರು ನನಗೆ ಗೊತ್ತು’ ಅನ್ನುವ ಆ ದನಿ, ಇಂಥದ್ದೇ ದನಿಯಲ್ಲಿ ತನ್ನೊಂದಿಗೆ ಮಾತಾಡಿದ್ದ ಎಲ್ಲ ಗಂಡಸರು ಒಟ್ಟಿಗೆ ನೆತ್ತಿಗೇರಿದರು. ಇನ್ಸ್‌ಪೆಕ್ಟರ್ ಅವರ ಕೊರಳಪಟ್ಟಿ ಹಿಡಿದು ಒಳಕ್ಕೆ ಎಳೆದಳು.

ಅವರು ಕೈ ಬೀಸಿದರು. ಅದು ದಫೇದಾರನ ಮೂಗಿಗೆ ಬಡಿಯಿತು. ಅವನು ಬೈದು ಅವರನ್ನು ಪಂಜರದ ಅಟ್ಟಣಿಗೆಗೆ ಒತ್ತಿದ. ಎರಡು ಪಂಜರ ಕೆಳಗೆ ಬಿದ್ದು ಬಿರಿದವು. ಮರದ ಹೊಟ್ಟು ಹೊಗೆಯಂತೆ ಎದ್ದಿತು, ಇಲಿಗಳು ನೆಲದ ಮೇಲೆ ಚೆಲ್ಲಾಪಿಲ್ಲಿಯಾದವು.

“ಎತ್ತಿ ಒಂದು ಇಲೀನ!” ಎಂದು ಕಿರುಚಿದಳು ಇನ್ಸ್‌ಪೆಕ್ಟರ್. “ನೀವು ಹೇಗೆ ಎತ್ತುತ್ತೀರಿ ನೋಡೋಣ!”

ಪ್ರೊಫೆಸರ್ ಎತ್ತಲಿಲ್ಲ. ಗಂಟಲು ಹಿಡಿದುಕೊಂಡರು. ಮುಖ ಕೆಂಪಾಗಿ, ಆಮೇಲೆ ತುಟಿ ನೀಲಿಯಾಯಿತು. ಕಣ್ಣಿನ ರೆಪ್ಪೆಗಳು ಬಾತು ಮುಚ್ಚಿಕೊಂಡವು. ಉಸಿರು ಒಳಗೆ ಹೋಗುವಾಗ ಸೀಟಿಯ ಸದ್ದು. ಮೊಣಕಾಲೂರಿ ಮುಂದಕ್ಕೆ ಬಿದ್ದರು.

ಸಣ್ಣ ಮೇಡಂ ಗೋಡೆಯ ಪೆಟ್ಟಿಗೆಯಿಂದ ಇಂಜೆಕ್ಷನ್ ಕಿತ್ತು ತಂದು, ಪ್ಯಾಂಟಿನ ಮೇಲಿಂದಲೇ ಅವರ ತೊಡೆಗೆ ಚುಚ್ಚಿದಳು.

“ಇಲಿಯ ಧೂಳು ಇವರಿಗೆ ಆಗಲ್ಲ. ಎಂಟು ವರ್ಷದಿಂದ ಈ ಬಾಗಿಲು ದಾಟಿಲ್ಲ.”

“ಮೂರು ಜನ ಪರೀಕ್ಷೆ ಮಾಡ್ತೀವಿ ಅಂದೆಯಲ್ಲಮ್ಮ!”

ಅವಳು ಪ್ರೊಫೆಸರರ ಕೊರಳಗುಂಡಿ ಬಿಚ್ಚತೊಡಗಿದಳು.

ದಫೇದಾರ ಮೂಗಿನ ರಕ್ತ ಸುರಿಸಿಕೊಂಡೇ ಪ್ರೊಫೆಸರರನ್ನು ಹೆಗಲಿಗೇರಿಸಿಕೊಂಡು ಹೊರಗೆ ಓಡಿದ. ಇನ್ಸ್‌ಪೆಕ್ಟರ್ ಮೇಜಿಗೆ ಒರಗಿ ನಿಂತಳು. ತಾನು ಈಗಷ್ಟೇ ಒಬ್ಬ ಮನುಷ್ಯನನ್ನು ಸಾಯಿಸಿಬಿಡುತ್ತಿದ್ದಳು. ಅದೂ ತಪ್ಪು ಮನುಷ್ಯನನ್ನು. ಬೆಳಗ್ಗೆ ಪೇದೆಯ ಕೈ ಹಿಡಿದ ತನ್ನ ಕೈಯೇ ಇದು.

ಸಣ್ಣ ಮೇಡಂ ಇಲಿಗಳನ್ನು ಹಿಡಿಯತೊಡಗಿದ್ದಳು. ಬಾಲದ ಬುಡಕ್ಕೆ ಎರಡು ಬೆರಳು, ಒಂದು ಎತ್ತು, ಪಂಜರದೊಳಕ್ಕೆ. ಮತ್ತೊಂದು. ಮತ್ತೊಂದು. ಎಲ್ಲ ಮುಗಿದ ಮೇಲೆ, ಯಾರೂ ಹೇಳದೆಯೇ, ಸ್ಪಿರಿಟ್ ತೆಗೆದುಕೊಂಡು ಮೇಜಿಗೆ ಸಿಂಪಡಿಸಿದಳು. ಒದ್ದೆ ಬಟ್ಟೆ. ಒಣಬಟ್ಟೆ. ಮೇಜಿನ ತುದಿ ಬಂದಾಗ ಮಣಿಕಟ್ಟು ಒಂದು ಸುತ್ತು ತಿರುಗಿತು.

ಆ ಕೈಯನ್ನು ಇನ್ಸ್‌ಪೆಕ್ಟರ್ ಬೆಳಗ್ಗೆಯೇ ನಾಲ್ಕು ಸಲ ನೋಡಿದ್ದಳು.

“ಹದಿನಾಲ್ಕನೇ ಇಲೀನ ಎತ್ತಿದ್ದು ನೀನು,” ಎಂದಳು.

ಹುಡುಗಿ ತಿರುಗಿದ್ದು ಕಾಣಲಿಲ್ಲ. ಪಂಜರದ ಕಬ್ಬಿಣದ ಮುಚ್ಚಳ ಗಾಳಿಯಲ್ಲಿ ಬಂದದ್ದು ಮಾತ್ರ ಕಂಡಿತು. ಹುಬ್ಬಿನ ಮೇಲೆ ಬಡಿಯಿತು. ಒಂದು ಕಣ್ಣಿಗೆ ರಕ್ತ ತುಂಬಿಕೊಂಡಿತು. ಎರಡನೇ ಏಟು ಭುಜದ ಮೂಳೆಗೆ.

ಇನ್ಸ್‌ಪೆಕ್ಟರ್ ಕೈ ಎತ್ತಲಿಲ್ಲ. ಇಪ್ಪತ್ತು ವರ್ಷದ ನೌಕರಿ, ಕಲಿತ ಹಿಡಿತಗಳು ಎಲ್ಲ ಎಲ್ಲಿಗೋ ಹೋಗಿದ್ದವು. ಬೆನ್ನು ತಾನಾಗಿಯೇ ಗೋಡೆ ಹುಡುಕಿಕೊಂಡು ಹಿಂದೆ ಸರಿಯುತ್ತಿತ್ತು. ಮೂರನೇ ಏಟಿಗೆ ಮುಚ್ಚಳ ಮೇಲೇಳುವುದು ಕಂಡಿತು. ಆಗ ಅವಳೊಳಗೆ ಯಾವುದೋ ತಂತಿ ಹರಿದಂತಾಗಿ, ತಲೆ ತಗ್ಗಿಸಿ ಹುಡುಗಿಯ ಹೊಟ್ಟೆಗೆ ನುಗ್ಗಿದಳು. ಇಬ್ಬರೂ ಪಂಜರ ತೊಳೆಯುವ ತೊಟ್ಟಿಯ ಮೇಲೆ ಬಿದ್ದರು. ಹುಡುಗಿ ಅವಳ ಕೈ ಕಚ್ಚಿದಳು. ಇನ್ಸ್‌ಪೆಕ್ಟರ್ ಅವಳ ಮುಂಗೈಯನ್ನು ತೊಟ್ಟಿಯ ಅಂಚಿಗೆ ಎರಡು ಸಲ ಬಡಿದಳು. ಎರಡನೆಯ ಸಲ ಏನೋ ಲಟಕ್ಕೆಂದಿತು. ಮುಚ್ಚಳ ಕೆಳಗೆ ಬಿತ್ತು.

ಇಬ್ಬರೂ ನೆಲದ ಮೇಲೆ ಕೂತು ಏದುಸಿರು ಬಿಟ್ಟರು. ಅಕ್ಕಪಕ್ಕ, ಗೋಡೆಗೆ ಬೆನ್ನು ಕೊಟ್ಟು.

ಹುಡುಗಿ ಮುರಿದ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡಳು. “ನಮ್ಮಮ್ಮ ಇನ್ನೂ ಏನೂ ಹೇಳಿಲ್ವಾ?”

“ಯಾರು ನಿಮ್ಮಮ್ಮ?” ಅಂದಳು ಇನ್ಸ್‌ಪೆಕ್ಟರ್. ಅಂದ ಮೇಲೆ ಉತ್ತರ ತಾನೇ ಬಂದು ಎದೆಗೆ ಬಡಿಯಿತು.

“ಆರು ವರ್ಷ,” ಎಂದಳು ಹುಡುಗಿ. “ಇದೇ ಕಾರಿಡಾರಲ್ಲಿ ನಮ್ಮಮ್ಮ ನನ್ನ ‘ಸಣ್ಣ ಮೇಡಂ’ ಅಂತ ಕರೆದ್ಲು. ನಾನು ಹೇಳಿಕೊಟ್ಟಿದ್ದು. ಸಂಜೆ ಬೇರೆ ಬೇರೆ ಬಸ್ಸಲ್ಲಿ ಹೋಗ್ತಿದ್ವಿ. ಮನೇಲಿ ಹೊಟ್ಟಿನ ವಾಸನೆ ಬರುತ್ತೆ, ಸ್ನಾನ ಮಾಡು ಅಂತ ಬೈತಿದ್ದೆ.”

“ದೊಡ್ಡ ಮೇಡಂಗೆ ಗೊತ್ತಾಯ್ತು.”

“ಅದೊಂದೇ ಅಲ್ಲ. ಔಷಧಿ ಕೊಟ್ಟ ಇಲಿಗಳೆಲ್ಲ ಎಡಗಡೆ ಅಟ್ಟಣಿಗೆಯವು. ಎಡಗಡೆ ಪಂಜರ ಬದಲಾಯಿಸೋದು ಅಮ್ಮ, ಬೊಗಸೆಯಲ್ಲಿ. ಬಲಗಡೆಯವು ಬೇರೆ ಕೆಲಸದವರದ್ದು, ಬಾಲ ಹಿಡಿದು. ದೊಡ್ಡ ಮೇಡಂ ಅದಲುಬದಲು ಮಾಡಿ ನೋಡಿದ್ಲು. ಅಮ್ಮ ಎತ್ತಿದ ಇಲಿಗೆ ಬರೀ ಉಪ್ಪುನೀರು ಕೊಟ್ಟರೂ ಬಯಲಿಗೆ ಬಂತು. ನನ್ನ ಆರು ವರ್ಷ, ಪ್ರೊಫೆಸರರ ಹತ್ತು ವರ್ಷ, ಎಲ್ಲ ಅಮ್ಮನ ಕೈ ಅಷ್ಟೇ. ಔಷಧಿ ಅಲ್ಲ.” ಅವಳು ನಕ್ಕಳು, ನಗು ಅರ್ಧಕ್ಕೇ ಮುರಿಯಿತು. “ಮಂಗಳವಾರ ಹೇಳಿದ್ಲು, ಇದನ್ನ ಬರೀತೀನಿ, ನಿಮ್ಮಮ್ಮನ ಹೆಸರೂ ಹಾಕ್ತೀನಿ, ನಿನಗೆ ಹೆಮ್ಮೆ ಅಲ್ವಾ ಅಂತ. ಬೆನ್ನು ತಿರುಗಿಸಿ ಇಲಿ ನೋಡ್ತಾ ಹೇಳಿದ್ಲು. ಸ್ಪ್ಯಾನರ್ ಅಲ್ಲೇ ಇತ್ತು. ಹೊಡೆದೆ.”

“ಆಮೇಲೆ?”

“ಟೈಮರ್ ಹೊಡೀತು. ನಾನು ಹೋಗಲಿಲ್ಲ, ಕೈ ಹೋಯ್ತು. ಆಮೇಲೆ ಓಡಿಹೋದೆ.”

“ಎಷ್ಟು ಸಲ ಹೊಡೆದೆ?”

“ಒಂದು.”

“ಸುಳ್ಳು. ಐದು ಗಾಯ ಇದೆ.”

ಹುಡುಗಿ ತಲೆಯೆತ್ತಿದಳು. ಆ ಮುಖದಲ್ಲಿ ಮೊದಲ ಸಲ ನಿಜವಾದ ಭಯ ಕಂಡಿತು, ಗೋಡೆಯ ಕೊನೆಯಲ್ಲಿ ಮುದುಡಿದ ಭಯ.

“ಒಂದೇ. ನಾನು ಬಾಗಿಲು ದಾಟುವಾಗ ಅವಳು ನರಳ್ತಾ ಇದ್ಲು. ನನ್ನ ಹೆಸರು ಹಿಡಿದು ಕರೀತಾ ಇದ್ಲು. ಮೆಟ್ಟಿಲಲ್ಲಿ ಅಮ್ಮ ಎದುರಿಗೆ ಬಂದ್ಲು. ನಾನು ಏನೂ ಹೇಳಲಿಲ್ಲ. ನನ್ನ ಕೋಟು ನೋಡಿದ್ಲು. ‘ನೀನು ಹೋಗು’ ಅಂದ್ಲು. ಅಷ್ಟೇ.”

ಇನ್ಸ್‌ಪೆಕ್ಟರಿಗೆ ಶವಪರೀಕ್ಷೆ ಮಾಡಿದ ವೈದ್ಯೆಯ ಮಾತು ನೆನಪಾಯಿತು. ಮೊದಲ ಗಾಯದ ರಕ್ತ ಹೆಪ್ಪುಗಟ್ಟಿತ್ತು, ಉಳಿದ ನಾಲ್ಕು ಕಾಲು ಗಂಟೆ ಬಿಟ್ಟು ಬಿದ್ದವು ಎಂದಿದ್ದರು. ಜೀವ ತೆಗೆದದ್ದು ಆ ನಾಲ್ಕು.

ಆ ಕಾಲು ಗಂಟೆಯಲ್ಲಿ ಮರಳಿ ಬಂದವಳು ಈ ಹುಡುಗಿಯೇ? ತಾಯಿಯ ತಲೆಗೆ ಕಟ್ಟಿ ತಪ್ಪಿಸಿಕೊಳ್ಳುತ್ತಿದ್ದಾಳೆಯೇ? ಅಥವಾ ಇಲಿಯ ಬಾಲ ಹಿಡಿದರೂ ಸಹಿಸದ ಆ ಹೆಂಗಸು, ತನಗೆ ಹೆಸರು ಕೊಡಲು ಹೊರಟವಳ ಬಾಯನ್ನು ಮಗಳಿಗಾಗಿ ಮುಚ್ಚಿಸಿದಳೇ? ಎರಡು ದಿನದಿಂದ ಯಾರನ್ನು ಬಿಡಿಸಬೇಕೆಂದು ತಾನು ಒದ್ದಾಡುತ್ತಿದ್ದಳೋ, ಅವಳು ಮೊದಲ ದಿನವೇ ನಿಜ ಹೇಳಿಬಿಟ್ಟಿದ್ದಳೇ?

ದಾರಿ ಒಂದೇ ಇತ್ತು. ಮಗಳು ಹೇಳಿದ್ದು ತಾಯಿಗೆ ತಿಳಿಯುವ ಮೊದಲೇ ಅವಳ ಬಾಯಿಂದ ಆ ಕಾಲು ಗಂಟೆಯ ಕಥೆ ಕೇಳಬೇಕು. ಎರಡೂ ಒಂದಕ್ಕೊಂದು ಕೂಡಿದರೆ ನಿಜ.

ಮೂರೂ ಇಪ್ಪತ್ತು. ಇನ್ಸ್‌ಪೆಕ್ಟರ್ ಒಂದು ಅಂಗೈಯಿಂದ ಹುಡುಗಿಯ ಬಾಯಿ ಮುಚ್ಚಿ, ಇನ್ನೊಂದು ಕೈಯಲ್ಲಿ ಠಾಣೆಗೆ ಫೋನ್ ಮಾಡಿದಳು. “ವ್ಯಾನ್ ಹೊರಡಿಸಬೇಡಿ. ಫೋನ್ ಅವಳ ಕಿವಿಗೆ ಹಿಡೀರಿ.”

ಆ ಕಡೆ ಕುರ್ಚಿ ಸರಿದ ಸದ್ದು, ಆಮೇಲೆ ಉಸಿರು.

“ಇಲಿಯಕ್ಕ, ನಿಮ್ಮ ಮಗಳು ನನ್ನ ಪಕ್ಕದಲ್ಲಿದಾಳೆ. ಎಲ್ಲ ಹೇಳಿಬಿಟ್ಟಿದಾಳೆ. ಈಗ ನೀವು ಹೇಳಿ. ನೀವು ಒಳಗೆ ಹೋದಾಗ ದೊಡ್ಡ ಮೇಡಂ ಬದುಕಿದ್ರಾ?”

ಉಸಿರು ನಿಂತಿತು. ಅಂಗೈಯ ಕೆಳಗೆ ಹುಡುಗಿಯ ಹಲ್ಲು ನಡುಗುತ್ತಿತ್ತು.

ಆಮೇಲೆ ಎರಡು ದಿನದ ಮೌನದಿಂದ ಆ ಹೆಂಗಸಿನ ದನಿ ಎದ್ದು ಬಂತು. ಶಾಂತವಾಗಿ, ಒಂದಿಷ್ಟೂ ಅವಸರವಿಲ್ಲದೆ.

“ಅವಳು ಏನು ಹೇಳಿದಾಳೆ ಅಂತ ಮೊದಲು ಹೇಳಿ ತಾಯಿ. ನಾನೂ ಅದನ್ನೇ ಹೇಳ್ತೀನಿ.”